ಪಂಪ್‌ಹೌಸ್ ಪಕ್ಕದ ಬಿಡಾರ

ಶನಿವಾರ ಬೆಳಗಿನ ಜಾವ ಬೆಂಗಳೂರಿನ ಸಿಂಗಸಂದ್ರದ ಯಾವುದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿ, ಕಾರಿನ ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟು ಹಾಸುತ್ತಿರುವವರು ಒಬ್ಬರಾದರೂ ಸಿಗುತ್ತಾರೆ. ನೆಲದ ಮೇಲೆ ಟೆಂಟಿನ ಚೀಲ, ನೀರಿನ ಕ್ಯಾನು, ಸ್ಟೀಲ್ ಬಟ್ಟಲು. ಎಲ್ಲಿ ತನ್ನನ್ನು ಬಿಟ್ಟುಹೋಗುತ್ತಾರೋ ಎಂಬ ಅನುಮಾನದಲ್ಲಿ ಕಾರಿನ ಬಾಗಿಲಿಗೇ ಅಂಟಿಕೊಂಡು ನಿಂತ ನಾಯಿ. ಬೆಳಕು ಹರಿಯುವ ಮೊದಲೇ ಹೊಸೂರು ರಸ್ತೆಗೆ ಬಿದ್ದರೆ ಬಚಾವ್. ಕಂಪನಿ ಬಸ್ಸುಗಳು ಶುರುವಾದ ಮೇಲೆ ಮೇಲ್ಸೇತುವೆ, ಕೆಳಸೇತುವೆ, ಹಳದಿ ಮಾರ್ಗದ ಮೆಟ್ರೊ ಯಾವುದೂ ಕಾಪಾಡುವುದಿಲ್ಲ. ಮೆಟ್ರೊದಲ್ಲಂತೂ ನಾಯಿಗೆ ಜಾಗವೇ ಇಲ್ಲ.

ನಾಯಿ ಅಂಗಳದಲ್ಲಿರುತ್ತಿದ್ದ ಕಾಲದಲ್ಲಿ ಮನೆಯವರು ಊರಿಗೆ ಹೊರಟರೆ ಪಕ್ಕದ ಮನೆಯವರು ಎರಡು ಹೊತ್ತು ಅನ್ನ ಹಾಕುತ್ತಿದ್ದರು, ಅಲ್ಲಿಗೆ ಮುಗಿಯಿತು. ಎಂಟನೇ ಮಹಡಿಯ ಫ್ಲ್ಯಾಟಿನ ನಾಯಿಗೆ ಆ ಅನುಕೂಲವಿಲ್ಲ. ಹಾಗಾಗಿ ಅದೂ ಪ್ರವಾಸಕ್ಕೆ ಹೊರಡುತ್ತದೆ. 2022ರ ಜೂನ್‌ನಲ್ಲಿ ತೆರೆಕಂಡ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ಯಲ್ಲಿ ರಕ್ಷಿತ್ ಶೆಟ್ಟಿಯ ಧರ್ಮ, ಸೈಡ್‌ಕಾರ್ ಕಟ್ಟಿದ ಬೈಕಿನಲ್ಲಿ ಲ್ಯಾಬ್ರಡಾರ್ ಚಾರ್ಲಿಯನ್ನು ಕೂರಿಸಿಕೊಂಡು ಹಿಮ ತೋರಿಸಲು ಹೊರಟಿದ್ದ. ಆ ಸಿನಿಮಾ ನೋಡಿ ಅತ್ತವರಲ್ಲಿ ಎಷ್ಟೋ ಮಂದಿ ಈಗ ನಮ್ಮ ಲೇಔಟಿನಲ್ಲಿ ನಾಯಿಗೆ ಹೊದೆಯಲು ರೇನ್‌ಕೋಟು ಕೊಂಡಿದ್ದಾರೆ.

ತೊಂದರೆ ಶುರುವಾಗುವುದು ಗೇಟಿನಲ್ಲಿ. ಫೋನಿನಲ್ಲಿ ‘ನಾಯಿ ತರಬಹುದು, ಏನೂ ತೊಂದರೆ ಇಲ್ಲ’ ಎಂದವರು ಎದುರಿಗೆ ಲ್ಯಾಬ್ರಡಾರ್ ಇಳಿಯುತ್ತಿದ್ದಂತೆ ರಾಗ ಬದಲಿಸುತ್ತಾರೆ. ಹಾರೋಹಳ್ಳಿ ಆಚೆಯ ಒಂದು ಕ್ಯಾಂಪಿನಲ್ಲಿ ನಮಗೆ ಆದದ್ದೂ ಅದೇ. ನಮ್ಮಲ್ಲಿ ಇಬ್ಬರು: ಮೇಲ್ಸೇತುವೆಯ ಕೆಳಗಿನಿಂದ ಮನೆಗೆ ಬಂದ ನಾಡತಳಿ ಕೆಂಚಿ, ಮತ್ತು ತೂಕದ ವಿಷಯ ಎತ್ತಿದರೆ ಮುಖ ತಿರುಗಿಸುವ ಲ್ಯಾಬ್ರಡಾರ್ ಲಡ್ಡು. “ಸರ್, ನಾಯಿ ಅಂದ್ರೆ ಸಣ್ಣದು ಅಂದ್ಕೊಂಡಿದ್ವಿ. ಪೂಲ್ ಹತ್ರ ಫ್ಯಾಮಿಲಿಯವರು ಇದಾರೆ. ಒಂದ್ ಕೆಲಸ ಮಾಡಿ, ಅಲ್ಲಿ ಕಾಣ್ತಿದೆಯಲ್ಲ ಪಂಪ್‌ಹೌಸ್, ಅದರ ಪಕ್ಕ ಟೆಂಟ್ ಹಾಕ್ಕೊಳ್ಳಿ. ಅಲ್ಲಿ ಯಾರೂ ಬರಲ್ಲ.” ಜಾಹೀರಾತಿನ ಫೋಟೊದಲ್ಲಿದ್ದ ಹುಲ್ಲುಹಾಸು, ದೀಪದ ಸರ, ಬೆಟ್ಟದ ನೋಟ ಎಲ್ಲ ಗೇಟಿನ ಒಳಗೇ ಉಳಿದವು. ನಮ್ಮ ಪಾಲಿಗೆ ಬಂದದ್ದು ಸಿಮೆಂಟಿನ ತೊಟ್ಟಿ, ಒಂದು ಹೊಂಗೆ ಮರ, ಕೊಯ್ಲಾದ ರಾಗಿ ಹೊಲದ ಬದು.

ಬಹಳ ಮಂದಿ ಇಲ್ಲಿಂದಲೇ ಜಗಳ ತೆಗೆದು ಕಾರು ತಿರುಗಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ನಾಯಿ ಜೊತೆಗಿದ್ದರೆ ಆ ಮೂಲೆಯೇ ಬಹುಪಾಲು ಒಳ್ಳೆಯ ಜಾಗ, ಅದನ್ನು ಓದಲು ಬಂದರೆ. ಓದುವ ಕ್ರಮ ಹೊಸದೇನಲ್ಲ. ನಾಯಿ ಕಟ್ಟಿಕೊಂಡು ಕಂಡವರ ಹೊಲದಲ್ಲಿ ರಾತ್ರಿ ಕಳೆಯುವ ವಿದ್ಯೆಯಲ್ಲಿ ಈ ನಾಡಿನವರು ಪಳಗಿದವರು. ನಮ್ಮಂಥ ವಾರಾಂತ್ಯದವರಿಗೆ ಅದು ಮರೆತುಹೋಗಿದೆ, ಅಷ್ಟೆ.

ಮೊದಲು ಭೂಗೋಳ. ಸಿಂಗಸಂದ್ರದಿಂದ ದಕ್ಷಿಣಕ್ಕೆ ಎತ್ತ ಹೊರಟರೂ ಒಂದೇ ಕಾಡಿನ ಅಂಚಿಗೆ ತಲುಪುತ್ತೀರಿ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟ, ಅದರ ಕೆಳಗೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮ, ಗಡಿಯಾಚೆ ಅಂಚೆಟ್ಟಿ, ದೆಂಕಣಿಕೋಟೆ ಕಡೆಗೆ ತಮಿಳುನಾಡಿನ ಉತ್ತರ ಕಾವೇರಿ ಧಾಮ. ಆನೆಗಳಿಗೆ ಇವೆಲ್ಲ ಒಂದೇ ಮನೆಯ ಕೋಣೆಗಳಿದ್ದ ಹಾಗೆ. ಜಿಗಣಿಯಿಂದ ಹಾರೋಹಳ್ಳಿಗೆ ಹೋಗುವ ದಾರಿಯಲ್ಲೂ ಈ ಕಾಡಿನ ಅಂಚು ಸಿಗುತ್ತದೆ. ನಾಯಿಗೆ ಉಚ್ಚೆ ಬಂತೆಂದು ಅಲ್ಲಿ ಕಾರು ನಿಲ್ಲಿಸಬಾರದು. ‘ಕಾಡಿನ ಒಳಗೆ ಕ್ಯಾಂಪ್’ ಎಂದು ಯಾರಾದರೂ ನಾಯಿಯವರಿಗೆ ಜಾಗ ಕೊಡುತ್ತಿದ್ದರೆ, ಒಂದೋ ಅದು ಕಾಡಲ್ಲ, ಇಲ್ಲವೇ ಅದು ಕಾನೂನಿನ ಪ್ರಕಾರದ್ದಲ್ಲ.

ಅರಣ್ಯ ಇಲಾಖೆಯವರು ನಾಯಿ ಬಿಡದಿರುವುದು ಹಠಕ್ಕಲ್ಲ. ಒಂದು ಕಾರಣ ಎಲ್ಲರಿಗೂ ಗೊತ್ತು: ಬೊಗಳಿದರೆ, ಅಟ್ಟಿಸಿದರೆ ಜಿಂಕೆ, ನವಿಲು ಗಾಬರಿಯಾಗುತ್ತವೆ. ಎರಡನೆಯದು ಕಣ್ಣಿಗೆ ಕಾಣದ್ದು. ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಸಿಂಹ, ಹುಲಿ, ಕಾಡುನಾಯಿಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಕಂಡದ್ದು ಇದೇ ವೈರಸ್. ಮನೆಯ ನಾಯಿಗೆ ಲಸಿಕೆ ಆಗಿರುತ್ತದೆ, ನಿಜ. ಆದರೆ ಗೇಟಿನಲ್ಲಿ ನಿಂತ ಗಾರ್ಡ್ ಒಬ್ಬೊಬ್ಬರ ಲಸಿಕೆ ಪುಸ್ತಕ ಓದಿ ಒಳಗೆ ಬಿಡಲಿಕ್ಕಾಗುತ್ತದೆಯೇ? ಮುಧೋಳ ತಳಿ ಸಾಕಿದವರಿಗೆ ಇನ್ನೊಂದು ಮಾತು. ಅದು ಕಣ್ಣಿಂದ ಬೇಟೆಯಾಡುವ ನಾಯಿ. ಮೊಲ ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮೊಲವನ್ನು ನಾಯಿಯಿಂದ ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೇ. ‘ಅದಾಗೇ ಓಡ್ತು ಸರ್’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಹಾಗಾದರೆ ನಾಯಿಗೆ ಉಳಿದದ್ದು ಊರಿನ ನೆಲ. ಹಳೇ ಮೈಸೂರಿನ ಕಡೆ ಅದಕ್ಕೊಂದು ಒಳ್ಳೆಯ ವ್ಯವಸ್ಥೆ ಇತ್ತು: ಗುಂಡುತೋಪು. ಊರ ಹೊರಗೆ, ದಾರಿಗೆ ಹತ್ತಿರ, ಮಾವು, ನೇರಳೆ, ಹುಣಸೆ, ಹೊಂಗೆ ನೆಟ್ಟ ಸಾಮುದಾಯಿಕ ತೋಪು. ಸಂತೆಗೆ ಹೊರಟ ಗಾಡಿಗಳು ಅಲ್ಲಿ ಕೊರಳು ಬಿಚ್ಚುತ್ತಿದ್ದವು. ಎತ್ತಿಗೆ ನೆರಳು, ಮನುಷ್ಯರಿಗೆ ಒಲೆ ಹೂಡಲು ಮೂರು ಕಲ್ಲು. ಗಾಡಿಯ ಅಚ್ಚಿನ ಕೆಳಗೆ ಓಡುತ್ತಾ ಬಂದ ನಾಯಿಯೂ ಗಾಡಿಯ ಅಡಿಯಲ್ಲೇ ಮಲಗುತ್ತಿತ್ತು. ದಾಖಲೆಗಳಲ್ಲಿ ಈಗಲೂ ಗುಂಡುತೋಪುಗಳು ಇವೆ. ನೆಲದ ಮೇಲೆ ಎಷ್ಟೋ ಕಡೆ ಅವು ಶಾಲೆ, ಬಸ್ ನಿಲ್ದಾಣ, ಬಡಾವಣೆ ಆಗಿವೆ. ನಮ್ಮ ಕಡೆಯ ತೋಪುಗಳು ಏನಾದವು ಎಂದು ಕೇಳುವುದೇ ಬೇಡ. ಹೊಸೂರು ರಸ್ತೆಯಲ್ಲಿ ಒಂದು ಚದರಡಿಯ ಬೆಲೆ ಗೊತ್ತಿದ್ದವರಿಗೆ ಉತ್ತರವೂ ಗೊತ್ತು. ಆದರೆ ಕನಕಪುರ, ಮಾಗಡಿ, ಕೋಲಾರದ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ. ಕ್ಯಾಂಪು ಕೈಕೊಟ್ಟ ದಿನ ಮಧ್ಯಾಹ್ನದ ಹೊತ್ತು ಕಳೆಯಲು ಊರಿನವರನ್ನು ‘ತೋಪು ಎಲ್ಲಿ’ ಎಂದು ಕೇಳಿದರೆ ಸಾಕು, ದಾರಿ ತೋರಿಸುತ್ತಾರೆ.

ರಾತ್ರಿಯ ಪಾಠವನ್ನು ಮಾತ್ರ ಕುರಿಗಾರರಿಂದಲೇ ಕಲಿಯಬೇಕು. ಬೆಳಗಾವಿ, ಬಾಗಲಕೋಟೆ, ಚಿತ್ರದುರ್ಗದ ಕಡೆಯ ಅಲೆಮಾರಿ ಕುರುಬರು ಮಳೆಗಾಲ ಮುಗಿದ ಮೇಲೆ ಕುರಿ, ಕುದುರೆ, ಮಕ್ಕಳು, ನಾಯಿ ಸಮೇತ ಹೊರಟರೆ ತಿಂಗಳುಗಟ್ಟಲೆ ಅವರಿಗೆ ಕಂಡವರ ಹೊಲವೇ ಮನೆ. ಇವತ್ತಿನ ರಾತ್ರಿ ಎಲ್ಲಿ ಎಂಬುದು ಎಷ್ಟೋ ದಿನ ಮಧ್ಯಾಹ್ನದವರೆಗೂ ತಿಳಿದಿರುವುದಿಲ್ಲ. ಕೊಯ್ಲಾದ ಹೊಲದವನು ‘ನಮ್ಮಲ್ಲಿ ಮಂದೆ ನಿಲ್ಲಿಸಿ’ ಎಂದರೆ ಅಲ್ಲಿ. ರಾತ್ರಿಯಿಡೀ ಬಿದ್ದ ಹಿಕ್ಕೆ, ಗಂಜಳ ಹೊಲಕ್ಕೆ ಗೊಬ್ಬರ; ಅದಕ್ಕೆ ರೈತ ಕಾಳು ಕೊಡುತ್ತಾನೆ ಅಥವಾ ದುಡ್ಡು. ಅಂದರೆ ಅಲ್ಲಿ ತಂಗುವವರೇ ಬಾಡಿಗೆ ವಸೂಲು ಮಾಡುತ್ತಾರೆ! ಕ್ಯಾಂಪಿಗೆ ಮೂರು ಸಾವಿರ ತೆತ್ತು ಪಂಪ್‌ಹೌಸ್ ಪಕ್ಕ ಮಲಗುವ ನಾವು ಸ್ವಲ್ಪ ನಾಚಿಕೊಳ್ಳಬೇಕಾದ ಲೆಕ್ಕ.

ಅವರು ಬಿಡಾರ ಹೂಡುವುದನ್ನು ಗಮನಿಸಿದರೆ ಗೊತ್ತಾಗುತ್ತದೆ, ಚೆಂದದ ನೋಟ ಅವರಿಗೆ ಲೆಕ್ಕಕ್ಕೇ ಇಲ್ಲ. ನೆಲ ಒಣಗಿರಬೇಕು, ಸುತ್ತ ಬಯಲಿರಬೇಕು, ನೀರು ಹತ್ತಿರವಿರಬೇಕು. ತೋಳವೋ ಕಳ್ಳನೋ ಬಂದರೆ ಪೊದೆಯ ಮರೆ ಸಿಗಬಾರದು. ಕುರಿಗಳು ನಡುವೆ, ಬೆಂಕಿ ಒಂದು ಬದಿ, ನಾಯಿಗಳು ಬೆಂಕಿಯ ಹತ್ತಿರವಲ್ಲ, ಮಂದೆಯ ಹೊರಗೆ ಒಂದೊಂದು ದಿಕ್ಕಿಗೆ. ನಮ್ಮ ನಾಯಿಗಳಿಗೆ ಕಾವಲು ಕೆಲಸ ಕೊಡಬೇಕಿಲ್ಲ. ಆದರೆ ಜಾಗ ನೋಡುವ ಆ ಕಣ್ಣನ್ನು ಸಾಲ ಪಡೆಯಬಹುದು.

ಆ ಕಣ್ಣಿನಿಂದ ನೋಡಿದರೆ ನಮ್ಮ ಪಂಪ್‌ಹೌಸಿನ ಮೂಲೆಗೆ ಒಳ್ಳೆಯ ಅಂಕವೇ ಸಿಗುತ್ತದೆ. ತೊಟ್ಟಿಯಲ್ಲಿ ಬೋರ್‌ವೆಲ್ ನೀರು. ಇದು ಸಣ್ಣ ವಿಷಯವಲ್ಲ. ನಾಯಿಗೆ ಕುಡಿಯಲು, ಸ್ನಾನಕ್ಕೆ ಕೆರೆ, ಹೊಳೆ ನಂಬುವ ಕಾಲ ನಮ್ಮ ಸೀಮೆಯಲ್ಲಿ ಹೋಯಿತು. ಪೀಣ್ಯದ ಕಾರ್ಖಾನೆಗಳ ನೀರು, ಅರ್ಧ ಬೆಂಗಳೂರಿನ ಚರಂಡಿ ಹೊತ್ತ ವೃಷಭಾವತಿ ಬೈರಮಂಗಲ ಕೆರೆ ದಾಟಿ ಅರ್ಕಾವತಿಯನ್ನು ಸೇರುತ್ತದೆ. ನದಿ ಕಂಡ ಕೂಡಲೇ ಧುಮುಕುವ ಲ್ಯಾಬ್ರಡಾರ್‌ಗೆ ಇದನ್ನು ವಿವರಿಸುವುದು ಕಷ್ಟ, ಬೆಲ್ಟು ಹಿಡಿದುಕೊಳ್ಳುವುದೇ ಸುಲಭ. ಹಸಿರು ಪಾಚಿ ಕಟ್ಟಿದ ನಿಂತ ನೀರು ಇನ್ನೂ ಕೆಟ್ಟದ್ದು. ಅದರಲ್ಲಿ ಕೆಲವು ಬಗೆಯ ಪಾಚಿ ನಾಯಿಯ ಯಕೃತ್ತನ್ನೇ ಹಾಳುಮಾಡುತ್ತದೆ. ಇಲಿ ಜ್ವರದ ಲಸಿಕೆ ಆಗಿದೆಯೇ ಎಂದು ಹೊರಡುವ ಮೊದಲು ಪುಸ್ತಕ ತೆಗೆದು ನೋಡಿ. ಗದ್ದೆ, ಕೆಸರು, ಹೆಗ್ಗಣದ ಬಿಲ ಇರುವಲ್ಲೆಲ್ಲ ಆ ರೋಗಕ್ಕೆ ದಾರಿ.

ಹೊಂಗೆ ಮರದ ನೆರಳು ಎರಡನೇ ಲಾಭ. ಹುಲ್ಲುಹಾಸಿನ ಬಯಲಿನಲ್ಲಿ ಮಧ್ಯಾಹ್ನದ ಟೆಂಟು ಒಲೆಯಾಗುತ್ತದೆ. ನಾಯಿಗೆ ಬೆವರಿ ಮೈ ತಣ್ಣಗಾಗಿಸುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದರ ಆಟ ಎಲ್ಲ ತೇಕುವುದರಲ್ಲಿ. ಮೈಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿತೆಂದರೆ ಜೀವಕ್ಕೇ ಕುತ್ತು. ಪಗ್‌ನಂಥ ಚಪ್ಪಟೆ ಮೂಗಿನವು ಬೇಗ ಬೀಳುತ್ತವೆ. ಅಂಥ ಹೊತ್ತಿನಲ್ಲಿ ತೊಟ್ಟಿಯ ನೀರನ್ನು ಮೈಮೇಲೆಲ್ಲ ಸುರಿದು ಗಾಳಿ ಬೀಸುತ್ತಲೇ ಡಾಕ್ಟರ ಬಳಿ ಓಡಬೇಕು. ಇನ್ನು ರಾಮನಗರದ ಕಡೆಯ ಬಂಡೆಗಳು ಸಂಜೆ ಆರಕ್ಕೂ ಕಾದೇ ಇರುತ್ತವೆ. ಅಂಗೈಯ ಹಿಂಬದಿ ಇಟ್ಟು ಐದು ಎಣಿಸಲಾಗದಿದ್ದರೆ ಆ ಬಂಡೆ ನಾಯಿಯ ಪಾದಕ್ಕಲ್ಲ. ಹೆಜ್ಜೇನು ಕಟ್ಟಿದ ಬಂಡೆಯ ಕೆಳಗಂತೂ ಹೊಗೆ ಹಾಕುವುದೇ ಬೇಡ.

ರಾಗಿ ಹೊಲದ ಪಕ್ಕ ಮೆದೆ ಒಟ್ಟಿದ್ದರು. ಮೆದೆಗೆ ಒರಗಿ ಟೆಂಟು ಹಾಕಿದರೆ ಗಾಳಿ ತಡೆಯುತ್ತದೆ ಅನ್ನಿಸುವುದು ಸಹಜ. ಹಾಕಬಾರದು. ಹುಲ್ಲಿಗೆ ಇಲಿ ಬರುತ್ತದೆ, ಇಲಿಗೆ ನಾಗರಹಾವು, ಕೊಳಕುಮಂಡಲ. ನಾಯಿ ಮೊದಲು ಮೂತಿ ಹಾಕುವುದೂ ಅಲ್ಲೇ. ಮೂತಿ ಊದಿಕೊಂಡು ಬಂದರೆ ಕತ್ತರಿಸುವುದು, ಹೀರುವುದು, ಹಗ್ಗ ಕಟ್ಟುವುದು ಯಾವುದೂ ಬೇಡ. ಮನುಷ್ಯರಿಗೆ ಕೊಡುವ ವಿಷನಿರೋಧಕ ಚುಚ್ಚುಮದ್ದೇ ನಾಯಿಗೂ. ಅದು ಹತ್ತಿರದ ಯಾವ ಪಶು ಆಸ್ಪತ್ರೆಯಲ್ಲಿದೆ ಎಂಬುದನ್ನು ಹಗಲಿನಲ್ಲೇ ವಿಚಾರಿಸಿಟ್ಟರೆ ರಾತ್ರಿಯ ಪರದಾಟ ತಪ್ಪುತ್ತದೆ. ಮೆದೆಯ ಬಳಿ ಬೆಂಕಿ ಹಾಕಬಾರದೆಂದು ಬೇರೆ ಹೇಳಬೇಕಿಲ್ಲ. ರೈತನ ಇಡೀ ವರ್ಷದ ಮೇವು ಅದು. ಬದುವಿನ ಆಚೆಗೆ ಹಂದಿ ಕಾಟಕ್ಕೆ ಹಾಕಿದ ಉರುಳು, ತಂತಿಗೆ ಬಿಟ್ಟ ಕರೆಂಟು, ತಿಂಡಿಯೊಳಗೆ ಅಡಗಿಸಿದ ಸಿಡಿಮದ್ದು ಇರಬಹುದು. ಕಾನೂನುಬಾಹಿರ, ಆದರೆ ಇವೆ. ಕಾಡಂಚಿನ ಹೊಲಗಳಲ್ಲಿ ನಾಯಿ ಬಿಚ್ಚಿ ‘ಓಡಾಡ್ಕೊಂಡ್ ಬರಲಿ ಪಾಪ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಚಿರತೆಯ ವಿಷಯಕ್ಕೆ ಸಿಂಗಸಂದ್ರದವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಭಾಗದಲ್ಲಿ ಚಿರತೆ ಕಾಣಿಸಿಕೊಂಡು, ಸಿಸಿಟಿವಿ ದೃಶ್ಯಗಳು ಫೋನಿನಿಂದ ಫೋನಿಗೆ ಓಡಿ, ಸಂಜೆ ಆರಕ್ಕೇ ಬೀದಿ ಖಾಲಿಯಾಗಿತ್ತು. ನವೆಂಬರ್ 1ರಂದು ಕೂಡ್ಲು ಗೇಟ್ ಬಳಿ ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ಸತ್ತಿತು. ಐಟಿ ಕಂಪನಿಗಳ ನಡುವಿಗೆ ಅದು ಬಂದದ್ದೇಕೆ ಎಂದು ಎಲ್ಲರೂ ಕೇಳಿದರು. ಬೀದಿ ತುಂಬ ನಾಯಿ ಇದ್ದಲ್ಲಿ ಚಿರತೆಗೆ ಊಟದ ಚಿಂತೆ ಇಲ್ಲ ಎಂಬುದು ಉತ್ತರದ ಒಂದು ಭಾಗ. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ, ಕಾಡೇ ಇಲ್ಲದ ಕಬ್ಬಿನ ಸೀಮೆಯಲ್ಲಿ, ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದ ತೂಕದಲ್ಲಿ ಸುಮಾರು ಶೇ 39 ಪಾಲು ನಾಯಿಯದೇ ಎಂದು ಕಂಡಿತು. ಆಡು, ದನಕ್ಕಿಂತ ಮೊದಲ ಸ್ಥಾನ. 2022ರ ರಾಷ್ಟ್ರೀಯ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ದೇಶದಲ್ಲಿ ನಮ್ಮದು ಮೂರನೇ ಸ್ಥಾನ.

ಇದರ ಅರ್ಥ ಹೆದರಿ ಮನೆಯಲ್ಲಿ ಕೂರಬೇಕೆಂದಲ್ಲ. ಟೆಂಟಿನ ಹೊರಗೆ ಗೂಟಕ್ಕೆ ಕಟ್ಟಿದ ನಾಯಿಯಷ್ಟು ಸುಲಭದ ತುತ್ತು ಚಿರತೆಗೆ ಬೇರೆ ಇಲ್ಲ, ಅಷ್ಟು ನೆನಪಿದ್ದರೆ ಸಾಕು. ಸರಪಳಿ ಇದ್ದರೆ ಓಡುವಂತಿಲ್ಲ, ಬೊಗಳಿದರೆ ಎಲ್ಲಿದೆಯೆಂದು ತಾನೇ ಹೇಳಿಕೊಂಡಂತೆ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುವುದು ಚಿರತೆ ಹಿಡಿಯುವುದೇ ಕೊರಳನ್ನು ಎಂಬುದಕ್ಕೆ. ನಮಗೆ ಅದು ಬೇಡ. ಕತ್ತಲಾದ ಮೇಲೆ ನಾಯಿ ಟೆಂಟಿನ ಒಳಗೆ, ಇಲ್ಲವೇ ಕಿಟಕಿ ಸ್ವಲ್ಪ ಇಳಿಸಿ ನೀವೂ ಜೊತೆಗೆ ಕಾರಿನಲ್ಲಿ. ಕೊನೆಯ ಸಲ ಉಚ್ಚೆಗೆ ಕರೆದೊಯ್ಯುವಾಗ ಟಾರ್ಚು, ಬೆಲ್ಟು, ಮಾತು. ಮಾತಾಡುತ್ತಾ, ಕೆಮ್ಮುತ್ತಾ ಹೋಗುವ ಮನುಷ್ಯನಿಂದ ಚಿರತೆ ಸಾಮಾನ್ಯವಾಗಿ ದೂರ ಸರಿಯುತ್ತದೆ. ಉಳಿದ ಊಟ, ಮೂಳೆ ಟೆಂಟಿನ ಸುತ್ತ ಎಸೆಯಬಾರದು. ಅದಕ್ಕೆ ಊರ ನಾಯಿ ಬರುತ್ತದೆ, ಊರ ನಾಯಿಯ ಹಿಂದೆ ಚಿರತೆ.

ಹೇಳಬೇಕೆಂದರೆ, ಹೆಚ್ಚಿನ ರಾತ್ರಿಗಳನ್ನು ಹಾಳುಮಾಡುವುದು ಚಿರತೆಯಲ್ಲ, ಊರ ನಾಯಿಗಳು. ಪಂಪ್‌ಹೌಸ್ ಯಾರದೋ ರಾಜ್ಯ. ಗಡಿ ಎಲ್ಲಿಂದ ಎಲ್ಲಿವರೆಗೆ ಎಂದು ಅವು ಪ್ರತಿ ಬದುವಿನ ಮೇಲೂ ಬರೆದಿಟ್ಟಿರುತ್ತವೆ, ನಮಗೆ ಓದಲು ಬರುವುದಿಲ್ಲ. ಸಂಜೆ ಬೆಳಕಿರುವಾಗಲೇ ನಮ್ಮವನ್ನು ಗಿಡ್ಡ ಹಗ್ಗದಲ್ಲಿ ಹಿಡಿದು ಸುತ್ತ ನಿಧಾನಕ್ಕೆ ನಡೆಸಬೇಕು. ಅವು ದೂರದಲ್ಲಿ ನಿಂತು ಬೊಗಳಲಿ. ಎದುರು ಹೋಗಿ ನೋಡುವುದು, ಕಲ್ಲು ಎತ್ತುವುದು ಬೇಡ. ಅರ್ಧ ಗಂಟೆಯಲ್ಲಿ ಅವಕ್ಕೂ ಬೇಸರ ಬರುತ್ತದೆ. ಕೆಂಚಿ ಬೀದಿಯ ಮಗಳು, ಅವಳಿಗೆ ಈ ರಾಜಕೀಯ ಗೊತ್ತು. ಬಾಲ ತಗ್ಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ ನಿಂತಳು. ಲಡ್ಡು ಮಾತ್ರ ಬಂದವರೆಲ್ಲ ತನ್ನ ನೆಂಟರೆಂದುಕೊಂಡು ಹಲ್ಲು ಕಿರಿದ.

ಕತ್ತಲಾಗುವ ಮೊದಲು ಪಕ್ಕದ ಹೊಲದ ಯಜಮಾನರು ಮೋಟರ್ ನೋಡಲು ಬಂದರು. “ಏನ್ ಸಾಮಿ, ಎಲ್ಡೆಲ್ಡು ನಾಯಿ ತಂದಿದ್ದೀರಲ್ಲ, ಕಚ್ತವಾ?” ಕಚ್ಚಲ್ಲ ಎಂದೆ. “ಅಂಗಂತ ಬಿಟ್ಬುಡಬ್ಯಾಡಿ. ಆ ಬಂಡೆ ಕಡೀಕಂತೂ ಹೋಗ್ಲೇಬ್ಯಾಡಿ. ನಮ್ಮ ಕಾಳನ್ನ ಹೋದ್ವರ್ಸ ಅಲ್ಲೇ ಹೊತ್ಕಂಡೋಯ್ತು.” ಮೂರು ಫೇಸ್ ಕರೆಂಟು ಎಷ್ಟು ಹೊತ್ತಿಗೆ ಎಂದು ಕೇಳಿದೆ. “ಒಂದ್ ಗಂಟೆಗೆ ಬತ್ತದೆ. ಮೋಟರ್ ಗುಂಯ್ ಅಂದ್ರೆ ಹೆದರ್ಕಬ್ಯಾಡಿ.” ಇದನ್ನು ಕೇಳಿಟ್ಟುಕೊಂಡದ್ದು ಎಷ್ಟು ಉಪಯೋಗಕ್ಕೆ ಬಂತೆಂದರೆ, ಟೆಂಟನ್ನು ಶೆಡ್ಡಿನ ಗೋಡೆಯಿಂದ ಕಿತ್ತು ಹೊಲದ ಕಡೆಗೆ, ಹಳೆಯ ಕಣದ ಮೇಲೆ ಹಾಕಿದೆವು. ರಾಗಿ ಬಡಿಯಲು ಸಮ ಮಾಡಿ, ಸಗಣಿ ಸಾರಿಸಿ ಗಟ್ಟಿಯಾದ ನೆಲ. ನೆಗ್ಗಿಲು ಮುಳ್ಳಿಲ್ಲ, ಉತ್ತರಾಣಿ ಕಡ್ಡಿ ಇಲ್ಲ. ಗೂಟ ಹೊಡೆಯುವುದೇ ಸ್ವಲ್ಪ ಕಷ್ಟ, ಕಲ್ಲಿಗೆ ಕಟ್ಟಬೇಕಾಯಿತು. ದುಡ್ಡು ಕೊಟ್ಟವರ ಹುಲ್ಲುಹಾಸಿನಲ್ಲಿ ರಾತ್ರಿ ಹನ್ನೊಂದರವರೆಗೆ ಸ್ಪೀಕರ್ ಕೂಗುತ್ತಿತ್ತು. ನಮಗೆ ಅದು ದೂರದ ಮದುವೆ ಮನೆಯ ಸದ್ದಿನಷ್ಟು.

ಯಜಮಾನರ ಮನೆಯವರು ಎರಡು ಮುದ್ದೆ ಕಳಿಸಿದರು, ನಾಯಿಗಳಿಗೆಂದೇ. ರಾಗಿ ಮುದ್ದೆ, ಮಜ್ಜಿಗೆ ನಾಯಿಗೆ ಒಗ್ಗುತ್ತದೆ. ಜೊತೆಗೆ ಬಂದ ಬಸ್ಸಾರನ್ನು ನಾವೇ ಇಟ್ಟುಕೊಂಡೆವು, ಆಸೆಗೆ ಮಾತ್ರವಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಚಾಕೊಲೇಟು ಕೂಡ ಆಗದು. ಪ್ಯಾಕೆಟ್ ಆಹಾರಕ್ಕೆ ಒಗ್ಗಿದ ಹೊಟ್ಟೆಗೆ ಪ್ರಯಾಣದ ದಿನ ಹೊಸದನ್ನು ತುಂಬ ಹಾಕಿದರೆ ಮರುದಿನ ಕಾರು ತೊಳೆಯುವ ಕೆಲಸ ನಿಮ್ಮದೇ.

ಆಯ್ಕೆಯಿಲ್ಲದೆ ಬಂದ ಜಾಗದ ಸುತ್ತ ಏನಿದೆ ಎಂದು ನೋಡುವುದೂ ಒಂದು ಸುಖ. ಕನಕಪುರದ ದಾರಿ ಹಿಡಿದವರು ಮದ್ದೂರು ಸೀಮೆಗೆ ದೂರದಲ್ಲೇನೂ ಇರುವುದಿಲ್ಲ. ಅಲ್ಲಿಯ ಆತಕೂರು ನಾಯಿ ಸಾಕಿದವರೆಲ್ಲ ಕೇಳಬೇಕಾದ ಹೆಸರು. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧ ನಡೆದು, ಗಂಗರ ಇಮ್ಮಡಿ ಬೂತುಗನ ಕೈಯಲ್ಲಿ ಚೋಳ ರಾಜಾದಿತ್ಯ ಮಡಿದ. ಆ ಯುದ್ಧದಲ್ಲಿ ಕಾದಿದ ಮಣಲೇರನೆಂಬ ವೀರನಿಗೆ ಅರಸ ಮೆಚ್ಚಿ ‘ಏನು ಬೇಕೋ ಬೇಡಿಕೋ’ ಎಂದನಂತೆ. ಊರು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಆಮೇಲೆ ಬೆಳತೂರಿನ ಪಡುವಣದ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೇರ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಸಾಮ್ರಾಜ್ಯಗಳ ಯುದ್ಧವನ್ನು ನಾಯಿಯ ನೆಪದಲ್ಲಿ ಹೇಳುವ ಶಾಸನ ಅದು. ಇತಿಹಾಸಕಾರರು ತಕ್ಕೋಲದ ಕದನದ ವಿವರಕ್ಕೆ ಇವತ್ತಿಗೂ ಕಾಳಿಯ ಕಲ್ಲನ್ನೂ ನೋಡಬೇಕು. ಕಲ್ಲಿನಲ್ಲಿ ಹಂದಿ ಮತ್ತು ನಾಯಿ ಮುಖಾಮುಖಿಯಾಗಿವೆ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯದ ಸ್ವತ್ತು. ಅಲ್ಲಿಗೆ ನಾಯಿ ಕರೆದೊಯ್ಯುವಂತಿಲ್ಲ ಎಂಬುದು ಬೇರೆ ಮಾತು.

ಮಲೆನಾಡಿನ ಕಡೆ ಹೊರಟವರಿಗೆ ಲೆಕ್ಕ ಬೇರೆ. ಲೇಖಕ ತೇಜಸ್ವಿಯವರ ನಾಯಿ ‘ಕಿವಿ’ಯ ಬಗ್ಗೆ ಓದಿ ಬೆಳೆದವರಿಗೆ ಮೂಡಿಗೆರೆಯ ಕಾಡುತೋಟದಲ್ಲಿ ನಾಯಿಯ ಹಿಂದೆ ಅಲೆಯುವ ಆಸೆ ಸಹಜ. ಅಲ್ಲಿ ಮಳೆಗಾಲದಲ್ಲಿ ಇಂಬಳ, ಬೇಸಿಗೆಯಲ್ಲಿ ಉಣ್ಣೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ, ಅಂದರೆ ಸರಿಯಾಗಿ ಕ್ಯಾಂಪಿಂಗ್‌ನ ಹಂಗಾಮಿನಲ್ಲೇ. ನಾಯಿ ಒಣ ಎಲೆಯ ಮೇಲೆ ಹೊರಳಿ ಬಂದು ನಿಮ್ಮ ಸ್ಲೀಪಿಂಗ್ ಬ್ಯಾಗಿಗೆ ನುಗ್ಗಿದರೆ ಉಣ್ಣೆಗೂ ಪುಕ್ಕಟೆ ಸವಾರಿ. ಆ ಕಾಯಿಲೆ ಇರುವ ಊರುಗಳಲ್ಲಿ ಹಾಡಿಯೊಳಗೆ ಬಿಡಾರ ಬೇಡ, ಮನೆಯಂಗಳವೇ ವಾಸಿ. ಬಯಲುಸೀಮೆಯ ಉಣ್ಣೆಯೂ ಕಡಿಮೆಯದಲ್ಲ. ಅದು ಅಂಟಿಸುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಲಕ್ಷಣ ಕಾಣಲು ಒಂದೆರಡು ವಾರ ಬೇಕಾಗುವುದರಿಂದ ಪ್ರವಾಸಕ್ಕೂ ಜ್ವರಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಡಾಕ್ಟರಿಗೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಮೊದಲು ಹೇಳಿ. ಹೊರಡುವಾಗ ಕಾರು ಹತ್ತಿಸುವ ಮೊದಲೇ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಬಾಲದ ಬುಡ ಬೆರಳಾಡಿಸಿ ನೋಡುವುದು. ಸಿಕ್ಕಿದ್ದನ್ನು ಚಿಮುಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರ ಎಳೆಯಬೇಕು. ಕೈಯಲ್ಲಿ ಹಿಸುಕಬಾರದು, ಬೆಂಕಿಕಡ್ಡಿ ತಾಗಿಸಬಾರದು.

ಇನ್ನು ಬಾಡಿಗೆ. ಕುರಿಯ ಹಿಕ್ಕೆಗೆ ರೈತ ಕಾಳು ಕೊಡುತ್ತಾನೆ. ನಮ್ಮ ನಾಯಿಯದಕ್ಕೆ ಬೈಯುತ್ತಾನೆ, ಅದು ನ್ಯಾಯವೇ. ಮಾಂಸ ತಿನ್ನುವ ಪ್ರಾಣಿಯ ಮಲ ಹಸಿಯಾಗಿ ಗೊಬ್ಬರವಾಗುವುದಿಲ್ಲ, ಅದರಲ್ಲಿನ ಜಂತುಹುಳದ ಮೊಟ್ಟೆ ಸೊಪ್ಪಿನ ಮಡಿಗೆ ಸೇರಿದರೆ ಮಕ್ಕಳ ಹೊಟ್ಟೆಗೂ ಸೇರೀತು. ಕಳೆಗುದ್ದಲಿ ಒಂದಿದ್ದರೆ ನೀರಿನಿಂದ ದೂರ, ಒಂದಡಿ ಆಳದಲ್ಲಿ ಹೂಳಬಹುದು, ಇಲ್ಲವೇ ಕಟ್ಟಿ ತರಬಹುದು. ನಾವು ಕಣ ಗುಡಿಸಿ, ಯಜಮಾನರಿಗೆ ದುಡ್ಡು ಕೊಡಲು ಹೋದೆವು. ತೆಗೆದುಕೊಳ್ಳಲಿಲ್ಲ. ಅವರ ಕಣ್ಣು ಕೆಂಚಿಯ ಮೇಲಿತ್ತು.

“ಇದು ಚುರುಕಾಗದೆ. ಮರಿ ಹಾಕಿದ್ರೆ ಒಂದ್ ಕೊಡಿ ಸಾಮಿ, ನಮ್ಮ ಕಾಳ ಹೋದ್ಮ್ಯಾಕೆ ಹಟ್ಟಿ ತಾವ ನಾಯೇ ಇಲ್ಲ.”

ಕೆಂಚಿಯ ಕತ್ತರಿಸಿದ ಕಿವಿ ತೋರಿಸಿ, ಸಿಟಿಯಲ್ಲಿ ಬೀದಿ ನಾಯಿಗೆ ಆಪರೇಷನ್ ಮಾಡಿದ ಗುರುತು ಇದು, ಇನ್ನು ಮರಿ ಹಾಕಲ್ಲ ಎಂದು ವಿವರಿಸಿದೆ.

“ಅಂಗಾರೆ ಆ ದಪ್ಪುಂದು?”

“ಅದಕ್ಕೂ ಆಗಿದೆ.”

ಯಜಮಾನರು ಲಡ್ಡುವನ್ನು ತಲೆಯಿಂದ ಬಾಲದವರೆಗೆ ಒಮ್ಮೆ ನೋಡಿ, ಮೋಟರ್ ಶೆಡ್ಡಿನ ಬೀಗ ತೆಗೆಯಲು ಹೊರಟರು. “ಕುರಿ ಕಾಯಲ್ಲ, ಮರಿ ಹಾಕಲ್ಲ. ಮತ್ಯಾಕ್ ಸಾಮಿ ಕಾರಲ್ಲಿ ಕೂರ್ಸ್ಕಂಡ್ ತಿರುಗ್ತೀರಾ?”